ಸೈಕ್ಸ್ ಎಂಬ ಹೆಸರಿನ ಬೆನ್ನು ಹತ್ತಿ

ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಸುತ್ತಮುತ್ತಲಿನ ಯಾವುದೇ ಹಳೆಯ ಸ್ಮಶಾನದಲ್ಲಿ ಸಮಾಧಿಗಲ್ಲುಗಳನ್ನು ಓದುತ್ತ ನಡೆದರೆ ಸೈಕ್ಸ್ ಎಂಬ ಅಡ್ಡಹೆಸರು ಮತ್ತೆ ಮತ್ತೆ ಎದುರಾಗುತ್ತದೆ. ಯಾರ್ಕ್‌ಶೈರಿನ ಪಶ್ಚಿಮ ಅಂಚಿನಲ್ಲಿ, ಪೆನೈನ್ ಗುಡ್ಡಗಳ ಮಡಿಲಲ್ಲಿರುವ ಈ ಪಟ್ಟಣ ಉಣ್ಣೆ ಬಟ್ಟೆಗೆ ಹೆಸರಾದದ್ದು. ನಾನು ಧಾರವಾಡದವಳು, ಮದುವೆಯಾಗಿ ಇಲ್ಲಿಗೆ ಬಂದೆ. ಗಂಡನ ಮನೆಯವರು ಸೈಕ್ಸ್ ಹೆಸರಿನವರು. ನಾನು ತವರಿನ ಹೆಸರನ್ನೇ ಉಳಿಸಿಕೊಂಡೆ, ಆದರೆ ಮಗಳು ಸೈಕ್ಸ್ ಆದಳು. ನಮ್ಮ ಕಡೆ ಕಮ್ಮಾರ, ಬಡಿಗೇರ, ಪತ್ತಾರ ಎಂಬ ಅಡ್ಡಹೆಸರು ಕೇಳಿದರೆ ಆ ಮನೆಯ ಹಿರಿಯರು ಏನು ಮಾಡುತ್ತಿದ್ದರೆಂದು ಯಾರನ್ನೂ ಕೇಳಬೇಕಾಗಿಲ್ಲ. ಸೈಕ್ಸ್ ಎಂಬುದಕ್ಕೆ ನನ್ನಲ್ಲಿ ಅಂಥ ಯಾವ ಉತ್ತರವೂ ಇರಲಿಲ್ಲ. ಮಗಳು ಜೀವನಪೂರ್ತಿ ಹೊತ್ತು ತಿರುಗುವ ಹೆಸರು ಎಲ್ಲಿಂದ ಬಂತೆಂದು ಅವಳಿಗೆ ಹೇಳಬೇಕಾದವಳು ನಾನೇ ಎಂದು ನನಗೆ ಬಲವಾಗಿ ಅನ್ನಿಸಿತು.

ಅರ್ಥ ಸುಲಭವಾಗಿಯೇ ಸಿಕ್ಕಿತು. ಯಾರ್ಕ್‌ಶೈರಿನ ಆಡುಮಾತಿನಲ್ಲಿ ಸೈಕ್ ಎಂದರೆ ಗುಡ್ಡದ ಓರೆಯಲ್ಲಿ ಇಳಿಯುವ ಸಣ್ಣ ಹಳ್ಳ. ಎಷ್ಟೋ ಕಡೆ ಇಂಥ ಹಳ್ಳವೇ ಎರಡು ಹೊಲಗಳ ನಡುವಿನ ಎಲ್ಲೆ. ಹಳ್ಳದ ದಂಡೆಯಲ್ಲಿ ಮನೆ ಮಾಡಿದವನು ಹಳ್ಳದವನಾದ, ಅವನ ಮಕ್ಕಳೂ ಹಾಗೆಯೇ ಕರೆಸಿಕೊಂಡರು. ಇಂಗ್ಲೆಂಡಿನಲ್ಲಿ ಅಡ್ಡಹೆಸರುಗಳು ತಂದೆಯಿಂದ ಮಕ್ಕಳಿಗೆ ಇಳಿಯತೊಡಗಿದ್ದು 1066ರಲ್ಲಿ ನಾರ್ಮನ್ನರು ದೇಶವನ್ನು ಗೆದ್ದ ನಂತರ. ಮೊದಲು ಜಮೀನ್ದಾರರಲ್ಲಿ, ಆಮೇಲೆ ನಿಧಾನವಾಗಿ ರೈತರಲ್ಲಿ. ಸುಮಾರು 1400ರ ಹೊತ್ತಿಗೆ ಹೆಚ್ಚಿನ ಕುಟುಂಬಗಳಿಗೆ ಸ್ಥಿರವಾದ ಹೆಸರಿತ್ತು.

ಆದರೆ ಈ ಗುಡ್ಡಗಳಲ್ಲಿ ಸೈಕ್ ಇಲ್ಲದ ಊರೇ ಇಲ್ಲ. ಹಾಗಿದ್ದಮೇಲೆ ಸೈಕ್ಸ್‌ಗಳೆಲ್ಲ ಬೇರೆ ಬೇರೆ ಹಳ್ಳಗಳ ದಂಡೆಯ ಬೇರೆ ಬೇರೆ ಮನೆಯವರಿರಬೇಕೆಂದು ಹೆಸರುಗಳ ಇತಿಹಾಸ ಬರೆದವರು ಬಹುಕಾಲ ನಂಬಿದ್ದರು. ಆ ನಂಬಿಕೆಯನ್ನು ಅಲುಗಾಡಿಸಿದವರೂ ಒಬ್ಬ ಸೈಕ್ಸ್. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಂಶವಾಹಿ ವಿಜ್ಞಾನಿ ಬ್ರಯನ್ ಸೈಕ್ಸ್ ಅವರಿಗೆ, ದೊಡ್ಡ ಔಷಧ ಕಂಪನಿಯ ಮುಖ್ಯಸ್ಥರಾಗಿದ್ದ ಸರ್ ರಿಚರ್ಡ್ ಸೈಕ್ಸ್ ನಿಮ್ಮ ನೆಂಟರೇ ಎಂಬ ಪ್ರಶ್ನೆ ಎದುರಾಗಿತ್ತು. ಅದನ್ನು ಪರೀಕ್ಷಿಸಿಯೇ ನೋಡೋಣವೆಂದು ಅವರು ಹೊರಟರು. ಗಂಡಸರಲ್ಲಿರುವ ವೈ ವರ್ಣತಂತು ತಂದೆಯಿಂದ ಮಗನಿಗೆ ಮಾತ್ರ ಹೋಗುತ್ತದೆ. ಈ ದೇಶದಲ್ಲಿ ಅಡ್ಡಹೆಸರು ಇಳಿಯುವ ದಾರಿಯೂ ಅದೇ. ಯಾರ್ಕ್‌ಶೈರ್, ಲ್ಯಾಂಕಾಶೈರ್, ಚೆಶೈರ್ ಭಾಗದ 48 ಸೈಕ್ಸ್ ಗಂಡಸರ ಮಾದರಿಗಳನ್ನು ಅವರು ತಮ್ಮ ಸಹೋದ್ಯೋಗಿಯೊಂದಿಗೆ ಪರೀಕ್ಷಿಸಿ, 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚು ಕಡಿಮೆ ಅರ್ಧದಷ್ಟು ಮಂದಿಯಲ್ಲಿ ಒಂದೇ ಗುರುತು ಇತ್ತು. ಅದೇ ಸೀಮೆಯ ಬೇರೆ ಹೆಸರಿನವರಲ್ಲಿ ಅದು ಕಾಣಲಿಲ್ಲ. ಇಂದಿನ ಸೈಕ್ಸ್‌ಗಳ ಹಿಂದೆ, ಸುಮಾರು 700 ವರ್ಷಗಳ ಆಚೆ, ಒಬ್ಬನೇ ಮೂಲಪುರುಷ ಇದ್ದಿರಬೇಕೆಂದು ಅವರು ತೀರ್ಮಾನಿಸಿದರು.

ಇದನ್ನು ಓದಿದ ಮೇಲೆ ನನ್ನ ಗಂಡ ತಾನೂ ಪರೀಕ್ಷೆ ಮಾಡಿಸುತ್ತೇನೆಂದರು. ಕೆನ್ನೆಯ ಒಳಭಾಗವನ್ನು ಒಂದು ಕಡ್ಡಿಯಿಂದ ಉಜ್ಜಿ, ಕೊಳವೆಯಲ್ಲಿಟ್ಟು ಅಂಚೆಗೆ ಹಾಕಿದರೆ ಅವರ ಕೆಲಸ ಮುಗಿಯಿತು. ನನ್ನ ಕೆಲಸ ಕಾಗದಗಳಲ್ಲಿತ್ತು. ಯಾರಾದರೂ ಇಂಥ ಹುಡುಕಾಟ ಶುರುಮಾಡುವವರಿದ್ದರೆ ಹೇಳುತ್ತೇನೆ: ಎಲ್ಲಕ್ಕಿಂತ ಮೊದಲು ಮನೆಯ ಹಿರಿಯರ ಹತ್ತಿರ ಕುಳಿತುಕೊಳ್ಳಿ. ನಮ್ಮ ಅತ್ತೆಯವರ ಬಳಿ ಬಿಸ್ಕತ್ತಿನ ತಗಡಿನ ಡಬ್ಬಿಯೊಂದು ಇತ್ತು. ಜನನ ಪತ್ರಗಳು, ಮದುವೆಯ ಪತ್ರಗಳು, ಸತ್ತವರ ನೆನಪಿಗೆ ಅಚ್ಚು ಹಾಕಿಸುತ್ತಿದ್ದ ಕಪ್ಪಂಚಿನ ಕಾರ್ಡುಗಳು, ಎಲ್ಲ ಅದರೊಳಗೆ. ಮಾವನವರು ತೀರಿಕೊಂಡ ಮೇಲೆ ಅದನ್ನು ಯಾರೂ ತೆರೆದಿರಲಿಲ್ಲ. ಒಂದೊಂದನ್ನೇ ತೆಗೆದು ಮೇಜಿನ ಮೇಲೆ ಹರಡುತ್ತ ಅತ್ತೆ ಹೇಳಿದರು: “ಸೈಕ್ಸ್ ಮನೆಯವರು ಈ ಕಣಿವೆ ಬಿಟ್ಟು ಹೋದವರೇ ಅಲ್ಲ. ಎಲ್ಲರೂ ನೇಯುವವರು.”

ಅವರು ಹೇಳಿದ್ದು ಕೋಲ್ನ್ ನದಿಯ ಕಣಿವೆ. ಅದರ ನಡುವೆ ಇರುವ ಊರನ್ನು ಸ್ಲೇತ್‌ವೇಟ್ ಎಂದು ಬರೆಯುತ್ತಾರೆ, ಸ್ಲಾವಿಟ್ ಎಂದು ಕರೆಯುತ್ತಾರೆ. ಡಬ್ಬಿಯ ಕಾಗದಗಳಲ್ಲಿ ಎಲ್ಲಕ್ಕಿಂತ ಹಳೆಯದು 1871ರ ಒಂದು ಮದುವೆಯ ಪತ್ರ; ಮದುಮಗ ನನ್ನ ಗಂಡನ ಅಜ್ಜನ ಅಜ್ಜ. ತಂದೆಯ ಹೆಸರು, ತಂದೆಯ ಕಸುಬು ಎಂಬ ಎರಡು ಅಂಕಣಗಳಲ್ಲಿ ಒಬ್ಬ ಸೈಕ್ಸ್‌ನ ಹೆಸರು, ಅದರ ಪಕ್ಕದಲ್ಲಿ ನೇಕಾರ ಎಂದು ಇತ್ತು. ತಾಯಿಗೆ ಅಂಕಣವೇ ಇರಲಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. ಅಂದಿನಿಂದ 2021ರ ಮೇ ತಿಂಗಳವರೆಗೆ ಇಲ್ಲಿನ ಮದುವೆ ದಾಖಲೆಯಲ್ಲಿ ವಧೂವರರ ತಂದೆಯರಿಗೆ ಮಾತ್ರ ಜಾಗವಿತ್ತು, ಹೆತ್ತವಳ ಹೆಸರನ್ನು ಬರೆಯುತ್ತಿರಲಿಲ್ಲ. ಇದನ್ನು ತಿಳಿದಾಗ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಆ ಮದುಮಗನ ಜನನ ಪತ್ರ ತರಿಸಿದರೆ ಮುಂದಿನ ಕೊಂಡಿ ಸಿಗಬೇಕು. ಆದರೆ ಹಡರ್ಸ್‌ಫೀಲ್ಡ್ ನೋಂದಣಿ ವಲಯದಲ್ಲಿ ಆ ವರ್ಷಗಳಲ್ಲಿ ಅದೇ ಹೆಸರಿನ ಸೈಕ್ಸ್ ಗಂಡುಮಕ್ಕಳು ಹಲವರು ಹುಟ್ಟಿದ್ದರು. ಜಾನ್, ಜೋಸೆಫ್, ವಿಲಿಯಂ, ಜೇಮ್ಸ್: ಈ ನಾಲ್ಕನ್ನೇ ಊರೆಲ್ಲ ಸುತ್ತಿಸಿ ಇಡುತ್ತಿದ್ದರು. ಒಂದೇ ಓಣಿಯಲ್ಲಿ ಇಬ್ಬರು ಮೂವರು ಜಾನ್ ಸೈಕ್ಸ್‌ಗಳು ಇರುತ್ತಿದ್ದ ಕಾರಣ ಜನ ಅಡ್ಡಹೆಸರನ್ನು ಪಕ್ಕಕ್ಕಿಟ್ಟು ತಮ್ಮದೇ ದಾರಿ ಕಂಡುಕೊಂಡಿದ್ದರು. ಬಿಲ್ ಓ ಜ್ಯಾಕ್ಸ್ ಅಂದರೆ ಜ್ಯಾಕ್‌ನ ಮಗ ಬಿಲ್. ಅವನ ಮಗನಾದರೆ ಇನ್ನೊಂದು ಹೆಸರು ಮುಂದೆ ಸೇರುತ್ತದೆ. ಹೀಗೆ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಒಂದೇ ಉಸಿರಿನಲ್ಲಿ ಬರುತ್ತಿದ್ದರು. ಈ ರೂಢಿ ಗೊತ್ತಿಲ್ಲದವರಿಗೆ ಕೆಲವು ಹಳೆಯ ದಾಖಲೆಗಳು ಬಾಯಿಪಾಠದಂತೆ ಕಾಣುತ್ತವೆ. ಯಾರ್ಕ್‌ಶೈರಿನ ಹೆಸರುಗಳ ಬಗ್ಗೆ ಬದುಕನ್ನೇ ಸವೆಸಿದ ಹಡರ್ಸ್‌ಫೀಲ್ಡಿನ ಇತಿಹಾಸಕಾರ ಜಾರ್ಜ್ ರೆಡ್ಮಂಡ್ಸ್ ಈ ಮನೆಮಾತಿನ ಹೆಸರುಗಳನ್ನು ಗಂಭೀರವಾಗಿ ಅಭ್ಯಾಸ ಮಾಡಿದವರು. ಅಡ್ಡಹೆಸರನ್ನು ನಿಘಂಟಿನಲ್ಲಿ ಹುಡುಕಿ ಬಿಡಬಾರದು, ಅದು ಹುಟ್ಟಿದ ಊರಿನ ದಾಖಲೆಯಲ್ಲಿ, ಅದನ್ನು ಹೊತ್ತ ಕುಟುಂಬದ ಜೊತೆಗೇ ಹುಡುಕಬೇಕು ಎಂಬ ಪಾಠ ನನಗೆ ಅವರಿಂದಲೇ ಸಿಕ್ಕಿತು.

ಈ ನಡುವೆ ಪರೀಕ್ಷೆಯ ಫಲಿತಾಂಶ ಬಂತು. ನನ್ನ ಗಂಡನ ಗುರುತು ಸೈಕ್ಸ್‌ಗಳ ಆ ಮುಖ್ಯ ಗುರುತಿಗೆ ಹತ್ತಿರವೂ ಇರಲಿಲ್ಲ.

ಅವರು ಅದನ್ನು ಹಗುರವಾಗಿ ತೆಗೆದುಕೊಂಡರು. ಅತ್ತೆಗೆ ಮಾತ್ರ ಬೇಸರವಾಯಿತು. “ಹಾಗಾದರೆ ನನ್ನ ಗಂಡ ಸೈಕ್ಸ್ ಅಲ್ಲವೇನು?” ಎಂದು ಕೇಳಿದರು. ಆ ಪ್ರಶ್ನೆ ನನ್ನನ್ನು ಬಹಳ ಕಾಡಿತು. ಬ್ರಯನ್ ಸೈಕ್ಸ್ ಅವರ ಅಧ್ಯಯನದಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಂದಿ ಹೊಂದಿಕೆಯಾಗದವರೇ. ಒಂದು ತಲೆಮಾರಿಗೆ ನೂರಕ್ಕೆ 1.3ರಂತೆ ಎಲ್ಲೋ ಒಂದು ಕಡೆ ಹೆಸರಿನ ದಾರಿಯೂ ರಕ್ತದ ದಾರಿಯೂ ಬೇರೆಯಾಗಿರಬಹುದೆಂದು ಅಲ್ಲಿ ಅಂದಾಜು ಮಾಡಿದ್ದಾರೆ. ಇದನ್ನು ಓದಿದವರು ಕೂಡಲೇ ಹೆಂಡತಿಯ ನಡತೆಯ ಮಾತಿಗೆ ಹೋಗುತ್ತಾರೆ, ಅದು ನನಗೆ ಸರಿಕಾಣುವುದಿಲ್ಲ. ದತ್ತು ಮಗನಿದ್ದಿರಬಹುದು. ಆಸ್ತಿಗಾಗಿ ಅಳಿಯ ಮಾವನ ಹೆಸರು ತೆಗೆದುಕೊಂಡಿರಬಹುದು. ಮದುವೆಯಾಗದ ತಾಯಿ ತನ್ನ ಹೆಸರನ್ನೇ ಮಗುವಿಗೆ ಕೊಟ್ಟಿರಬಹುದು. ಯಾವುದು ಎಂದು ಹೇಳಬಲ್ಲದ್ದು ದಾಖಲೆ ಮಾತ್ರ.

ಜನಗಣತಿಯ ಹಾಳೆಗಳನ್ನು ಮತ್ತೆ ಹಿಡಿದೆ. ಬ್ರಿಟನ್ನಿನಲ್ಲಿ 1801ರಿಂದ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆದಿದೆ. ಮನೆಮನೆಯ ಪ್ರತಿಯೊಬ್ಬರ ಹೆಸರು ಸಿಗುವುದು 1841ರಿಂದ. ಆ ವರ್ಷ ದೊಡ್ಡವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ, ಯಾರು ಯಾರಿಗೆ ಏನಾಗಬೇಕೆಂದು ಬರೆದಿಲ್ಲ. 1851ರಲ್ಲಿ ಯಜಮಾನನೊಂದಿಗಿನ ಸಂಬಂಧ, ಹುಟ್ಟಿದ ಊರು ಎರಡೂ ಬರುತ್ತವೆ. ನೂರು ವರ್ಷ ಕಳೆಯದೆ ಹಾಳೆಗಳನ್ನು ತೆರೆಯುವುದಿಲ್ಲವಾದ್ದರಿಂದ 1921ರದ್ದು ಬಿಡುಗಡೆಯಾದದ್ದು 2022ರಲ್ಲಿ. ಇಂಗ್ಲೆಂಡ್ ಮತ್ತು ವೇಲ್ಸ್‌ನ 1931ರದ್ದು ಬೆಂಕಿಗೆ ಆಹುತಿಯಾಯಿತು, 1941ರಲ್ಲಿ ಯುದ್ಧದಿಂದಾಗಿ ಜನಗಣತಿಯೇ ನಡೆಯಲಿಲ್ಲ.

1861ರ ಹಾಳೆಯಲ್ಲಿ ನಮ್ಮ ಹುಡುಗ, ಅಂದರೆ 1871ರ ಆ ಮದುಮಗ, ಸಿಕ್ಕ. ಹದಿಮೂರು ವರ್ಷ, ಉಣ್ಣೆ ಗಿರಣಿಯಲ್ಲಿ ತುಂಡಾದ ಎಳೆಗಳನ್ನು ಜೋಡಿಸುವ ಕೆಲಸ. ಮನೆಯ ಯಜಮಾನ ಕೈಮಗ್ಗದ ನೇಕಾರ. ಮದುವೆಯ ಪತ್ರದಲ್ಲಿ ತಂದೆ ಎಂದು ಬರೆದ ಅದೇ ಹೆಸರು, ಅದೇ ಕಸುಬು. ಹುಡುಗನ ಮುಂದೆ ಮಗ ಎಂದು ಬರೆದಿತ್ತು. ಎಲ್ಲ ಕೂಡಿಬಂತು ಎನ್ನುವಷ್ಟರಲ್ಲಿ ಯಜಮಾನನ ಹೆಂಡತಿಯ ವಯಸ್ಸಿನ ಮೇಲೆ ಕಣ್ಣು ಬಿತ್ತು: ಅರವತ್ತನಾಲ್ಕು. ಹುಡುಗ ಹುಟ್ಟುವಾಗ ಆಕೆಗೆ ಐವತ್ತು ದಾಟಿರಬೇಕು. ಹತ್ತು ವರ್ಷ ಹಿಂದಕ್ಕೆ ಹೋಗಿ 1851ರ ಹಾಳೆ ತೆರೆದೆ. ಅದೇ ಮನೆ, ಅದೇ ಗಂಡ ಹೆಂಡತಿ, ಮೂರು ವರ್ಷದ ಅದೇ ಹುಡುಗ. ಈ ಬಾರಿ ಅವನ ಮುಂದೆ ಮೊಮ್ಮಗ ಎಂದು ಇತ್ತು. ಅವನಿಗಿಂತ ಮೇಲಿನ ಸಾಲಿನಲ್ಲಿ ಇಪ್ಪತ್ತೆರಡು ವರ್ಷದ, ಮದುವೆಯಾಗದ ಮಗಳು, ಗಿರಣಿಯ ಕೆಲಸದವಳು.

ನೋಂದಣಿ ಇಲಾಖೆಯ ಜನನ ಸೂಚಿಯನ್ನು ಈಗ ಮನೆಯಿಂದಲೇ ನೋಡಬಹುದು; 1837ರಿಂದಲೂ ತಾಯಿಯ ತವರಿನ ಹೆಸರನ್ನು ಅದರಲ್ಲಿ ಸೇರಿಸಿದ್ದಾರೆ. 1848ರಲ್ಲಿ ಹಡರ್ಸ್‌ಫೀಲ್ಡಿನಲ್ಲಿ ಹುಟ್ಟಿದ ಆ ಹೆಸರಿನ ಗಂಡುಮಕ್ಕಳಲ್ಲಿ ಒಬ್ಬನ ಮುಂದೆ ತಾಯಿಯ ತವರಿನ ಹೆಸರಿನ ಜಾಗದಲ್ಲಿ ಒಂದು ಅಡ್ಡಗೆರೆ ಮಾತ್ರ ಇತ್ತು. ತಾಯಿಯ ಹೆಸರೂ ಮಗುವಿನ ಹೆಸರೂ ಒಂದೇ ಆಗಿದ್ದು, ತಂದೆಯ ಹೆಸರು ದಾಖಲಾಗದೇ ಇದ್ದಾಗ ಅಲ್ಲಿ ಈ ಗೆರೆ ಬರುತ್ತದೆ. ಆ ಪತ್ರವನ್ನು ತರಿಸಿದೆ. ಹುಟ್ಟಿದ ಸ್ಥಳ ಸ್ಲೇತ್‌ವೇಟ್. ತಂದೆಯ ಹೆಸರಿನ ಚೌಕ, ತಂದೆಯ ಕಸುಬಿನ ಚೌಕ, ಎರಡೂ ಖಾಲಿ. ತಾಯಿಯ ಹೆಸರಿನ ಚೌಕದಲ್ಲಿ ಆ ಮಗಳ ಹೆಸರು. ಮಾಹಿತಿ ಕೊಟ್ಟವರು ಎಂಬಲ್ಲಿ ಅದೇ ಹೆಸರು ಮತ್ತೊಮ್ಮೆ, ಅದರ ನಡುವೆ ಒಂದು ಕತ್ತರಿ ಗುರುತು. ಬರೆಯಲು ಬಾರದ ಹುಡುಗಿ ನೋಂದಣಾಧಿಕಾರಿಯ ಮುಂದೆ ಒಬ್ಬಳೇ ನಿಂತು, ತನ್ನ ಮಗುವಿಗೆ ತನ್ನ ಹೆಸರನ್ನೇ ಬರೆಸಿ, ಗುರುತು ಹಾಕಿ ಬಂದಿದ್ದಾಳೆ. ನಾನು ಆ ಕಾಗದವನ್ನು ಮೇಜಿನ ಮೇಲಿಟ್ಟು ಎಷ್ಟು ಹೊತ್ತು ನೋಡಿದೆನೋ ತಿಳಿಯದು.

ಆಮೇಲೆ ಅವಳನ್ನು ಹಿಂಬಾಲಿಸಿದೆ. ಕೆಲವು ವರ್ಷಗಳ ನಂತರ ಅವಳು ಬೇರೊಬ್ಬನನ್ನು ಮದುವೆಯಾಗಿ ಗುಡ್ಡದಾಚೆಯ ಸ್ಯಾಡಲ್‌ವರ್ತ್‌ಗೆ ಹೋದಳು. ಮಗ ಅಜ್ಜ ಅಜ್ಜಿಯ ಬಳಿ ಉಳಿದ. ಇಲ್ಲಿನ ಪದ್ಧತಿಯಂತೆ ಮದುವೆಯ ದಿನ ಅವಳ ಸೈಕ್ಸ್ ಎಂಬ ಹೆಸರು ಹೋಯಿತು. ಅವಳು ಕೊಟ್ಟ ಹೆಸರು ಮಾತ್ರ ಮಗನಿಂದ ಮೊಮ್ಮಗನಿಗೆ, ಅಲ್ಲಿಂದ ನನ್ನ ಮಗಳವರೆಗೆ ಬಂದಿದೆ. ಆ ಹುಡುಗ 1871ರಲ್ಲಿ ಮದುವೆಯಾಗುವಾಗ ತಂದೆಯ ಹೆಸರು ಕೇಳಿದ್ದಕ್ಕೆ ತನ್ನನ್ನು ಸಾಕಿದ ಅಜ್ಜನ ಹೆಸರು ಹೇಳಿದ್ದಾನೆ. ನನ್ನ ದೃಷ್ಟಿಯಲ್ಲಿ ಅದು ಸುಳ್ಳಲ್ಲ. ಅಪ್ಪನಾಗಿ ಅವನನ್ನು ಬೆಳೆಸಿದವನು ಆ ನೇಕಾರನೇ.

ಅತ್ತೆಗೆ ಇದನ್ನೆಲ್ಲ ಹಾಳೆಗಳ ಸಮೇತ ತೋರಿಸಿದೆ. ಜನನ ಪತ್ರವನ್ನು ಅವರು ಕನ್ನಡಕದ ಹತ್ತಿರ ಹಿಡಿದು ಎರಡು ಸಲ ಓದಿದರು. “ಹಾಗಾದರೆ ಸೈಕ್ಸ್ ಸೈಕ್ಸೇ. ಬಂದದ್ದು ಅವಳ ಕಡೆಯಿಂದ, ಅಷ್ಟೇ” ಎಂದರು. ಮಾವನವರ ಬಗ್ಗೆ ಅವರಿಗಿದ್ದ ಕಳವಳ ಅಲ್ಲಿಗೆ ಹೋಯಿತು.

ಆ ನೇಕಾರ ಅಜ್ಜನಿಂದ ಹಿಂದಕ್ಕೆ ಹೋಗುವುದು ಬೇರೆ ಬಗೆಯ ಕೆಲಸ. ಇಂಗ್ಲೆಂಡಿನಲ್ಲಿ ಚರ್ಚುಗಳು ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಬರೆದಿಡಬೇಕೆಂದು 1538ರಲ್ಲಿ ಆಜ್ಞೆಯಾಯಿತು. ಹಾಗೆಂದು ಎಲ್ಲರೂ ಅಲ್ಲಿ ಸಿಗುವುದಿಲ್ಲ. ಈ ಕಣಿವೆಯಲ್ಲಿ ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಗಡದವರು ಬಹಳ. ಅವರು ಕೂಸುಗಳಿಗೆ ದೀಕ್ಷಾಸ್ನಾನ ಮಾಡಿಸುವುದಿಲ್ಲವಾದ್ದರಿಂದ ಅವರ ಮಕ್ಕಳು ಊರ ಚರ್ಚಿನ ಪುಸ್ತಕದಲ್ಲಿ ಇರುವುದಿಲ್ಲ, ತಮ್ಮದೇ ಪ್ರಾರ್ಥನಾ ಮಂದಿರದ ಜನನ ಪುಸ್ತಕದಲ್ಲಿರುತ್ತಾರೆ. ಅಜ್ಜನೂ ಹಾಗೆಯೇ ಸಿಕ್ಕ. ಅಲ್ಲಿಂದ ಹಿಂದಿನ ತಲೆಮಾರುಗಳು ವೇಕ್‌ಫೀಲ್ಡಿನ ದಾಖಲೆಮನೆಯಲ್ಲಿ ಒಂದೊಂದಾಗಿ ಕೈಗೆ ಬಂದವು. ಅಲ್ಲಿ ಪೆನ್ನು ಒಳಗೆ ಬಿಡುವುದಿಲ್ಲ, ಸೀಸದ ಕಡ್ಡಿ ಮಾತ್ರ. ಹಳೆಯ ಪುಸ್ತಕವನ್ನು ಮೆತ್ತನೆಯ ಆಸರೆಯ ಮೇಲೆ ತೆರೆದಿಟ್ಟು, ಪುಟ ಮಗುಚದಂತೆ ಮಣಿ ತುಂಬಿದ ಉದ್ದನೆಯ ಬಟ್ಟೆಯ ಹಾವನ್ನು ಅದರ ಮೇಲೆ ಮಲಗಿಸುತ್ತಾರೆ. 1640ರಿಂದ 1660ರ ನಡುವಿನ ಅಂತರ್ಯುದ್ಧ ಮತ್ತು ಕಾಮನ್‌ವೆಲ್ತ್ ಎಂಬ ರಾಜನಿಲ್ಲದ ಆಳ್ವಿಕೆಯ ಕಾಲದಲ್ಲಿ ಅನೇಕ ಚರ್ಚುಗಳ ಪುಸ್ತಕಗಳು ಹದಗೆಟ್ಟಿವೆ. ನಮ್ಮ ಸಾಲು ಅಲ್ಲಿಗೆ ನಿಂತಿತು. ಅದರಾಚೆ ಇಂಥವನ ಮಗ ಇಂಥವನು ಎಂದು ಎದೆಮುಟ್ಟಿ ಹೇಳಲಾರೆ. ಹೆಸರನ್ನು ಮಾತ್ರ ಹಿಂಬಾಲಿಸಬಲ್ಲೆ.

ಹೆಸರಾದರೆ ಸಾಕಷ್ಟು ದೂರ ಹೋಗುತ್ತದೆ. ವೇಕ್‌ಫೀಲ್ಡ್ ಜಮೀನ್ದಾರಿಯ ನ್ಯಾಯಸಭೆಯ ಸುರುಳಿಗಳು 1274ರಿಂದ 1925ರವರೆಗಿನವು ಉಳಿದಿವೆ, ಈಗ ಲೀಡ್ಸ್ ವಿಶ್ವವಿದ್ಯಾಲಯದಲ್ಲಿವೆ. ಸಭೆ ಮೂರು ವಾರಕ್ಕೊಮ್ಮೆ ಸೇರುತ್ತಿತ್ತು. ಚರ್ಮದ ಹಾಳೆಗಳ ಮೇಲೆ ಲ್ಯಾಟಿನ್ ಬರಹ, 1733ರವರೆಗೂ. ಲ್ಯಾಟಿನ್ ಬಾರದ ನನ್ನಂಥವರಿಗೆ ಯಾರ್ಕ್‌ಶೈರಿನ ಪುರಾತತ್ವ ಸಂಘ ಅಚ್ಚು ಹಾಕಿಸಿದ ಸಂಪುಟಗಳೇ ಆಸರೆ. ಯಾರ ದನ ಯಾರ ಹೊಲಕ್ಕೆ ನುಗ್ಗಿತು, ಯಾರು ಕಾಡಿನಿಂದ ಸೌದೆ ಕದ್ದರು, ಅಪ್ಪ ಸತ್ತ ಮೇಲೆ ಜಮೀನಿಗೆ ಮಗ ಎಷ್ಟು ಕಾಣಿಕೆ ಕಟ್ಟಿದ, ಇಂಥವೇ ಅದರ ತುಂಬ. ರಾಜರ ಯುದ್ಧಗಳಿಗಿಂತ ಇವೇ ನನಗೆ ಹಿಡಿಸಿದವು. 1379ರಲ್ಲಿ ತಲೆಗಂದಾಯ ವಸೂಲಿ ಮಾಡಿದಾಗಿನ ಪಟ್ಟಿಗಳು ಪಶ್ಚಿಮ ಯಾರ್ಕ್‌ಶೈರಿನ ಮಟ್ಟಿಗೆ ಚೆನ್ನಾಗಿ ಉಳಿದಿವೆ. ಸಾಮಾನ್ಯ ಗಂಡ ಹೆಂಡತಿಗೆ ನಾಲ್ಕು ಪೆನ್ನಿ. ಈ ಕಾಲದ ಬರಹಗಳಲ್ಲಿ ಸೈಕ್ ಹೆಸರಿನವರು ‘ಡೆಲ್ ಸೈಕ್’ ಎಂದು ಬರುತ್ತಾರೆ, ಹಳ್ಳದ ದಂಡೆಯವನು ಎಂಬರ್ಥದಲ್ಲಿ. ಮುಂದೆ ಡೆಲ್ ಉದುರಿ, ಕೊನೆಗೊಂದು ಸಕಾರ ಸೇರಿ ಈಗಿನ ರೂಪ ನಿಂತಿತು. ಇದೇ ಪದ ಮಧ್ಯ ಇಂಗ್ಲೆಂಡಿನಲ್ಲಿ ಸಿಚ್ ಆಗಿದೆ. ಅಲ್ಲಿ ಆ ಅಡ್ಡಹೆಸರಿನವರೂ ಇದ್ದಾರೆ.

ಹಳ್ಳದ ದಂಡೆಯ ಒಂದು ಮನೆಯ ಹೆಸರು ಇಷ್ಟೊಂದು ಹಬ್ಬಿದ್ದು ಹೇಗೆ? 1348–49ರ ಪ್ಲೇಗ್ ಮಹಾಮಾರಿ ಎಷ್ಟೋ ವಂಶಗಳನ್ನು ಅಳಿಸಿಹಾಕಿತು, ಉಳಿದ ಕೆಲವಕ್ಕೆ ಹಬ್ಬಲು ಜಾಗ ಸಿಕ್ಕಿತು. ಅದೃಷ್ಟದ ಪಾಲೂ ಇದರಲ್ಲಿ ದೊಡ್ಡದು: ಕೆಲವು ತಲೆಮಾರು ಗಂಡುಮಕ್ಕಳು ಹೆಚ್ಚಾಗಿ ಬದುಕಿದರೆ ಹೆಸರು ಬೆಳೆಯುತ್ತದೆ, ಇಲ್ಲದಿದ್ದರೆ ಆರಿಹೋಗುತ್ತದೆ. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಮಗ್ಗ. ಈ ಗುಡ್ಡಗಳಲ್ಲಿ ಬರಿಯ ಬೇಸಾಯದಿಂದ ಹೊಟ್ಟೆ ತುಂಬುವುದಿಲ್ಲ. ಆದರೆ ಮನೆಯಲ್ಲಿ ಮಗ್ಗವಿದ್ದರೆ ಸಣ್ಣ ಹೊಲದಲ್ಲಿಯೂ ಸಂಸಾರ ನಡೆಯುತ್ತದೆ, ಮಗ ಊರು ಬಿಟ್ಟು ಹೋಗಬೇಕಾಗಿಲ್ಲ. ಇಲ್ಲಿನ ಹಳೆಯ ಕಲ್ಲುಮನೆಗಳ ಮಹಡಿಯಲ್ಲಿ ಗೋಡೆಯ ಉದ್ದಕ್ಕೂ ಒತ್ತೊತ್ತಾಗಿ ಕಿಟಕಿಗಳಿರುವುದನ್ನು ಈಗಲೂ ಕಾಣಬಹುದು, ಮಗ್ಗಕ್ಕೆ ಬೆಳಕು ಬೇಕಲ್ಲ. ಬಟ್ಟೆ ಮಾರಲು 1766ರಲ್ಲಿ ಹಡರ್ಸ್‌ಫೀಲ್ಡಿನಲ್ಲಿ ದೊಡ್ಡ ಮಾರುಕಟ್ಟೆ ಕಟ್ಟಡವೇ ಎದ್ದಿತು. ಆಮೇಲೆ ಗಿರಣಿಗಳು ಬಂದವು. ಕೆಲಸ ಇದ್ದಲ್ಲಿಯೇ ಜನ ನಿಂತರು, ಹೆಸರೂ ನಿಂತಿತು. 1881ರ ಜನಗಣತಿಯ ಆಧಾರದ ಮೇಲೆ ಹೆಸರುಗಳ ಹರಡಿಕೆಯನ್ನು ತೋರಿಸುವ ನಕ್ಷೆಗಳಲ್ಲಿ ಸೈಕ್ಸ್ ಹಡರ್ಸ್‌ಫೀಲ್ಡ್ ಸುತ್ತ ದಟ್ಟವಾಗಿದೆ, ದಕ್ಷಿಣ ಇಂಗ್ಲೆಂಡಿನಲ್ಲಿ ಬಲು ವಿರಳ. ಹೊರಗೆ ಹೋದವರೂ ಹೆಸರು ಮಾಡಿದ್ದಾರೆ. ಹಾಸ್ಯನಟ ಎರಿಕ್ ಸೈಕ್ಸ್ ಹುಟ್ಟಿದ್ದು ಗುಡ್ಡದಾಚೆಯ ಓಲ್ಡಂನಲ್ಲಿ. 1916ರಲ್ಲಿ ಫ್ರಾನ್ಸಿನ ರಾಜತಾಂತ್ರಿಕ ಪಿಕೋ ಜೊತೆ ಕುಳಿತು ಅರಬ್ ನಾಡುಗಳನ್ನು ಗೆರೆ ಎಳೆದು ಹಂಚಿಕೊಂಡ ಮಾರ್ಕ್ ಸೈಕ್ಸ್ ಪೂರ್ವ ಯಾರ್ಕ್‌ಶೈರಿನ ಜಮೀನ್ದಾರ ಮನೆತನದವರು.

ಸ್ಮಿತ್‌ನಂಥ ಹೆಸರಿಗೆ ಈ ಬಗೆಯ ಕಥೆ ಸಿಗುವುದಿಲ್ಲ. ಕಮ್ಮಾರ ಪ್ರತಿ ಊರಿನಲ್ಲೂ ಇದ್ದ, ಹೆಸರು ಸಾವಿರ ಕಡೆ ಹುಟ್ಟಿತು. ಲೆಸ್ಟರ್ ವಿಶ್ವವಿದ್ಯಾಲಯದ ಟುರಿ ಕಿಂಗ್ ಮತ್ತು ಮಾರ್ಕ್ ಜೋಬ್ಲಿಂಗ್ 40 ಅಡ್ಡಹೆಸರುಗಳ 1,678 ಗಂಡಸರನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ: ಹೆಸರು ಅಪರೂಪವಾದಷ್ಟೂ ಅದನ್ನು ಹೊತ್ತವರು ಒಂದೇ ಮೂಲದವರಾಗಿರುವ ಸಾಧ್ಯತೆ ಹೆಚ್ಚು, ಸ್ಮಿತ್‌ಗಳ ನಡುವೆ ಅಂಥ ನಂಟು ಕಾಣುವುದಿಲ್ಲ.

ನನ್ನ ಗಂಡನ ಗುರುತಿಗೆ ಹೊಂದುವ ಬೇರೆ ಅಡ್ಡಹೆಸರಿನ ಒಂದು ಕುಟುಂಬ ಪರೀಕ್ಷೆಯ ಪಟ್ಟಿಯಲ್ಲಿ ಕಾಣಿಸಿದೆ. 1848ರ ಆ ಖಾಲಿ ಚೌಕದಲ್ಲಿ ಬರೆಯಬಹುದಾಗಿದ್ದ ಹೆಸರು ಅದೇ ಇರಬಹುದು. ಅವರಿಗೆ ಬರೆಯಬೇಕೇ ಎಂದು ಮನೆಯಲ್ಲಿ ಮಾತಾಯಿತು. ಮಗಳು ಬೇಡವೆಂದಳು: “ಅಮ್ಮಾ, ಅವಳೇ ಹೇಳದೆ ಬಿಟ್ಟದ್ದನ್ನು ನಾವು ಯಾಕೆ ಕೆದಕಬೇಕು?” ಅವಳ ಮಾತು ನನಗೆ ಸರಿಯೆನಿಸಿತು, ಬರೆಯಲಿಲ್ಲ. ವಂಶವೃಕ್ಷದಲ್ಲಿ 1848ರ ಹುಡುಗನ ಮೇಲೆ ಅವನ ತಾಯಿಯ ಹೆಸರನ್ನೇ ಬರೆದಿದ್ದೇವೆ, ಅವಳ ಮೇಲೆ ನೇಕಾರ ದಂಪತಿಗಳನ್ನು. ಅವಳು ಸ್ಯಾಡಲ್‌ವರ್ತ್‌ನಲ್ಲಿ ಗಂಡನ ಹೆಸರಿನಲ್ಲಿ ಎಲ್ಲಿ ಮಣ್ಣಾದಳು ಎಂಬುದು ಇನ್ನೂ ಸಿಕ್ಕಿಲ್ಲ. ಮರಣ ಸೂಚಿಯಲ್ಲಿ ವಯಸ್ಸು ಹೊಂದುವ ಇಬ್ಬರಿದ್ದಾರೆ. ಎರಡೂ ಪತ್ರಗಳಿಗೆ ಹಣ ಕಟ್ಟಿದ್ದೇವೆ.